ನಿಯಾನ್ ಮೀನಿನ ಮನೆತನ

ಮಕ್ಕಳ ಕೈ ಹಿಡಿದು ಅಕ್ವೇರಿಯಂ ಅಂಗಡಿಯ ಮುಂದೆ ನಿಂತವರಿಗೆಲ್ಲ ನಿಯಾನ್ ಟೆಟ್ರಾ ಗೊತ್ತು. ಹೆಸರು ಗೊತ್ತಿಲ್ಲದಿದ್ದರೂ ಮೀನು ಗೊತ್ತು. ಒಂದೂವರೆ ಅಂಗುಲ ಮೀರದ ಮೈ, ಕಣ್ಣಿನಿಂದ ಹಿಂದಕ್ಕೆ ಮಿರಮಿರ ಮಿಂಚುವ ನೀಲಿ ಪಟ್ಟೆ, ಹೊಟ್ಟೆಯ ನಡುವಿನಿಂದ ಬಾಲದವರೆಗೆ ಕೆಂಪು. ಒಂಟಿಯಾಗಿ ಬಿಟ್ಟರೆ ಮೂಲೆ ಹಿಡಿದು ಕೂರುತ್ತದೆ. ಹತ್ತಾರು ಸೇರಿದರೆ ತೊಟ್ಟಿಯೆಲ್ಲ ತನ್ನದೇ ಎಂಬಂತೆ ಓಡಾಡುತ್ತದೆ.

ಈ ಮೀನಿನ ಕುಟುಂಬ 2024ರಲ್ಲಿ ಬದಲಾಯಿತು. ಮೀನಿಗೇನೂ ಆಗಲಿಲ್ಲ, ಅಮೆಜಾನಿನ ತೊರೆಗಳಲ್ಲಿ ಅದು ಎಂದಿನಂತೆ ಸೊಳ್ಳೆಮರಿ ಹಿಡಿದು ತಿನ್ನುತ್ತಲೇ ಇದೆ. ಬದಲಾದದ್ದು ಅದರ ವಿಳಾಸ. ಕಂಡುಹಿಡಿದ ದಿನದಿಂದಲೂ ಅದನ್ನು ಕ್ಯಾರಸಿಡೆ ಎಂಬ ದೊಡ್ಡ ಕುಟುಂಬದಲ್ಲಿ ಇಟ್ಟಿದ್ದರು. ಬ್ರೆಜಿಲಿನ ಬ್ರೂನೊ ಮೆಲೊ ಮತ್ತು ಸಂಗಡಿಗರು ಪ್ರಕಟಿಸಿದ ಒಂದು ಪ್ರಬಂಧ ಆ ಕುಟುಂಬವನ್ನು ನಾಲ್ಕು ಪಾಲು ಮಾಡಿತು. ನಿಯಾನ್ ಟೆಟ್ರಾ ಅಸೆಸ್ಟ್ರೊರಾಂಫಿಡೆ ಎಂಬ, ನಾಲಿಗೆ ತಡವರಿಸುವ ಹೆಸರಿನ ಪಾಲಿಗೆ ಸೇರಿತು.

ಮೀನು ಸಾಕುವ ಹವ್ಯಾಸಿಗಳು ಇಂಥ ಸುದ್ದಿ ಬಂದಾಗಲೆಲ್ಲ ಗೊಣಗುತ್ತಾರೆ. ಹೆಸರು ಬಾಯಿಗೆ ಬರುವಷ್ಟರಲ್ಲಿ ಬದಲಾಯಿಸಿಬಿಡುತ್ತಾರೆ, ವಿಜ್ಞಾನಿಗಳಿಗೆ ಬೇರೆ ಕೆಲಸವಿಲ್ಲವೇ ಎಂದು. ಗೊಣಗಾಟ ನ್ಯಾಯವಾದದ್ದೇ. ಆದರೆ ಅದು ತಪ್ಪು ಬಾಗಿಲು ತಟ್ಟುತ್ತಿದೆ ಎಂಬುದು ನನ್ನ ಅಭಿಪ್ರಾಯ. ಇಂದಿನವರು ತೀರಿಸುತ್ತಿರುವುದು ನೂರು ವರ್ಷದ ಹಿಂದೆ ಅನುಕೂಲಕ್ಕೆಂದು ಮಾಡಿದ ಸಾಲವನ್ನು. ಆ ಸಾಲ ಹೇಗಾಯಿತು ಎಂಬುದೇ ಇಂದಿನ ನನ್ನ ಮಾತು.

ಮೊದಲು ಟೆಟ್ರಾ ಎಂದರೆ ಯಾವ ಮೀನು ಎಂಬುದನ್ನು ನೋಡೋಣ. ಬೆನ್ನಿನ ಈಜುರೆಕ್ಕೆಗೂ ಬಾಲಕ್ಕೂ ನಡುವೆ ಒಂದು ಪುಟ್ಟ, ಮೂಳೆಯಿಲ್ಲದ ಮೃದು ರೆಕ್ಕೆ ಇರುತ್ತದೆ. ಕೊಬ್ಬಿನ ರೆಕ್ಕೆ ಎಂದು ಕರೆಯುತ್ತಾರೆ. ನಮ್ಮ ಕೆರೆಯ ಗೆಂಡೆ, ಕಾಟ್ಲಾ, ರೋಹುಗಳಿಗೆ ಅದು ಇಲ್ಲ. ಗೆಂಡೆಯ ಬಾಯಲ್ಲಿ ಹಲ್ಲಿಲ್ಲ, ಅದರ ಹಲ್ಲು ಇರುವುದು ಗಂಟಲಿನಲ್ಲಿ. ಟೆಟ್ರಾದ ದವಡೆಯಲ್ಲಿ ಹಲ್ಲುಗಳಿವೆ, ಅದೂ ಒಂದೊಂದು ಹಲ್ಲಿಗೆ ಹಲವು ಮೊನೆ. ಹಾಗೆಂದು ಇವೆರಡೂ ತೀರ ಪರಕೀಯರಲ್ಲ. ಒಳಗಿನ ಗಾಳಿಚೀಲದಿಂದ ಕಿವಿಗೆ ಸದ್ದು ಮುಟ್ಟಿಸುವ ಸಣ್ಣ ಮೂಳೆಗಳ ಸರಪಳಿ ಗೆಂಡೆಗೂ ಇದೆ, ಟೆಟ್ರಾಕ್ಕೂ ಇದೆ. ದೂರದ ದಾಯಾದಿಗಳು ಎನ್ನಬಹುದು.

ಆ ಕೊಬ್ಬಿನ ರೆಕ್ಕೆಯೇ ಮೊದಲ ಗೊಂದಲಕ್ಕೆ ಕಾರಣ. ಯೂರೋಪಿನ ಸಾಲ್ಮನ್ ಮೀನಿಗೂ ಅಂಥದೊಂದು ರೆಕ್ಕೆ ಇದೆ. 1758ರಲ್ಲಿ ಲಿನೇಯಸ್ ಪ್ರಾಣಿಗಳಿಗೆಲ್ಲ ಎರಡು ಪದದ ಹೆಸರು ಕೊಡುತ್ತ ಬಂದಾಗ, ದಕ್ಷಿಣ ಅಮೆರಿಕದಿಂದ ಬಂದ ಟೆಟ್ರಾಗಳನ್ನೂ ಸಾಲ್ಮೊ ಎಂಬ ಕುಲಕ್ಕೇ ಹಾಕಿದ. ಇಂದು ಅಸ್ಟ್ಯಾನಾಕ್ಸ್ ಬೈಮ್ಯಾಕುಲೇಟಸ್ ಎನ್ನುವ ಎರಡು ಚುಕ್ಕೆಯ ಮೀನು ಅವನ ಪುಸ್ತಕದಲ್ಲಿ ಸಾಲ್ಮೊ ಬೈಮ್ಯಾಕುಲೇಟಸ್. ಕಣ್ಣಿಗೆ ಬಿದ್ದ ಒಂದೇ ಗುರುತನ್ನು ನಂಬಿದ್ದರಿಂದ ಅಮೆಜಾನಿನ ಮೀನು ನಾರ್ವೆಯ ನೆಂಟನಾಯಿತು. ಈ ತಪ್ಪನ್ನು ಬೇಗನೆ ತಿದ್ದಿದರು. ಆದರೆ ಅದೇ ಬಗೆಯ ತಪ್ಪು ಸಣ್ಣ ಪ್ರಮಾಣದಲ್ಲಿ ಮುಂದೆ ಎಷ್ಟೋ ಸಲ ಮರುಕಳಿಸಿತು.

ಟೆಟ್ರಾ ಎಂಬ ಹೆಸರು ಬಂದದ್ದು ಫ್ರಾನ್ಸಿನ ಕುವಿಯೇ 1816ರಲ್ಲಿ ಬಳಸಿದ ಟೆಟ್ರಗೊನಾಪ್ಟೆರಸ್ ಎಂಬ ಕುಲನಾಮದಿಂದ. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಸಂತೆಯ ಚೀಲದಂತಾಯಿತು, ಸಿಕ್ಕಿದ್ದನ್ನೆಲ್ಲ ಅದಕ್ಕೇ ತುಂಬಿದರು. ಆಮೇಲೆ ಒಂದೊಂದಾಗಿ ಹೊರಗೆ ತೆಗೆದರು. ಈಗ ಆ ಕುಲದಲ್ಲಿ ಉಳಿದಿರುವುದು ಬೆರಳೆಣಿಕೆಗಿಂತ ತುಸು ಹೆಚ್ಚು. ಅಷ್ಟರಲ್ಲಿ ಮೀನು ಸಾಕುವವರು ಹೆಸರನ್ನು ಅರ್ಧಕ್ಕೆ ಕತ್ತರಿಸಿ ಟೆಟ್ರಾ ಮಾಡಿ, ಕೊಬ್ಬಿನ ರೆಕ್ಕೆಯ ಪುಟ್ಟ ಚಂದದ ಮೀನಿಗೆಲ್ಲ ಅಂಟಿಸಿಯಾಗಿತ್ತು. ಆಫ್ರಿಕದ ಕಾಂಗೊ ಟೆಟ್ರಾವೂ ಟೆಟ್ರಾ, ಅಮೆಜಾನಿನ ನಿಯಾನೂ ಟೆಟ್ರಾ. ಇವೆರಡೂ ಒಂದೇ ಗಣದ ಬೇರೆ ಬೇರೆ ಕುಟುಂಬದವು. ಏಷ್ಯದ ನದಿಗಳಲ್ಲಿ ಈ ಇಡೀ ಗಣದ ಒಂದು ಮೀನೂ ಸ್ವಾಭಾವಿಕವಾಗಿ ಇಲ್ಲ. ಆದರೆ ನಮ್ಮ ಮೀನು ಮಾರುಕಟ್ಟೆಯಲ್ಲಿ ರೂಪಚಂದ್ ಎಂಬ ಹೆಸರಿನಲ್ಲಿ ಮಾರುವ ಅಗಲ ಮೈಯ, ಕೆಂಪು ಹೊಟ್ಟೆಯ ಮೀನಿದೆಯಲ್ಲ, ಅದು ದಕ್ಷಿಣ ಅಮೆರಿಕದ ಪಾಕು. ಪಿರಾನ್ಹಾದ ಹತ್ತಿರದ ಬಂಧು, ಟೆಟ್ರಾಗಳ ಗಣಕ್ಕೇ ಸೇರಿದ್ದು. ಸಾರು ಮಾಡಿ ಉಣ್ಣುವವರಿಗೆ ತಾವು ನಿಯಾನ್ ಮೀನಿನ ನೆಂಟನನ್ನು ಉಣ್ಣುತ್ತಿದ್ದೇವೆಂದು ಗೊತ್ತಿರಲಾರದು.

ಈಗ ಸಾಲದ ಕಥೆಗೆ ಬರೋಣ. ಕಾರ್ಲ್ ಐಗನ್‌ಮನ್ ಎಂಬವರು 1863ರಲ್ಲಿ ಜರ್ಮನಿಯಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಅಮೆರಿಕದ ಇಂಡಿಯಾನಾಕ್ಕೆ ಬಂದವರು. ಹೆಂಡತಿ ರೋಸಾ ಸ್ಮಿತ್ ಕೂಡ ಮೀನುಶಾಸ್ತ್ರಜ್ಞೆ, ಆ ಕ್ಷೇತ್ರದಲ್ಲಿ ಹೆಸರು ಮಾಡಿದ ಮೊದಲ ಮಹಿಳೆಯರಲ್ಲಿ ಒಬ್ಬರು. ಐಗನ್‌ಮನ್ 1908ರಲ್ಲಿ ಬ್ರಿಟಿಷ್ ಗಯಾನಾದ ನದಿಗಳಿಗೆ ಹೋಗಿ ರಾಶಿ ರಾಶಿ ಮೀನು ತಂದರು. ಆ ಮೀನುಗಳನ್ನು ವಿಂಗಡಿಸಲು ಜೊತೆಯಾದವರು ಅವರ ಶಿಷ್ಯೆ ಮೇರಿಯನ್ ಡರ್ಬಿನ್. ಹೊಳೆಯುವ ಕಿತ್ತಳೆ ಗೆರೆಯ ಗ್ಲೋಲೈಟ್ ಟೆಟ್ರಾಕ್ಕೆ ವೈಜ್ಞಾನಿಕ ಹೆಸರು ಕೊಟ್ಟದ್ದು ಈಕೆ. ಹೈಫೆಸೊಬ್ರೈಕಾನ್ ಎಂಬ ಕುಲವನ್ನು 1908ರಲ್ಲಿ ಹುಟ್ಟುಹಾಕಿದ್ದೂ ಈಕೆಯೇ. ಮದುವೆಯಾದ ಮೇಲೆ ಈಕೆ ಮೇರಿಯನ್ ಎಲಿಸ್ ಆದರು. 1911ರಲ್ಲಿ ಹಸೆಮೇನಿಯಾ ಎಂಬ ಇನ್ನೊಂದು ಕುಲ ಪ್ರಕಟಿಸಿದ್ದು ಆ ಹೆಸರಿನಲ್ಲಿ. ಹಾಗಾಗಿ ಪಟ್ಟಿಯಲ್ಲಿ ಒಂದು ಕಡೆ ಡರ್ಬಿನ್, ಇನ್ನೊಂದು ಕಡೆ ಎಲಿಸ್ ಎಂದು ಇರುವುದನ್ನು ನೋಡಿದ ವಿದ್ಯಾರ್ಥಿಗಳು ಇಬ್ಬರು ಎಂದುಕೊಳ್ಳುತ್ತಾರೆ. ಮೀನುಗಳ ಹೆಸರು ಮಾತ್ರ ಬದಲಾಗುವುದು ಎಂದು ಯಾರು ಹೇಳಿದರು?

ಐಗನ್‌ಮನ್ ಅವರ ದೊಡ್ಡ ಗ್ರಂಥ ಅಮೆರಿಕದ ಕ್ಯಾರಸಿಡೆ ಮೀನುಗಳ ಕುರಿತದ್ದು. 1917ರಿಂದ ಕಂತುಕಂತಾಗಿ ಬಂತು. 1927ರಲ್ಲಿ ಅವರು ತೀರಿಕೊಂಡಾಗ ಕೊನೆಯ ಕಂತು ಬಾಕಿ ಇತ್ತು. ಅದನ್ನು ಮುಗಿಸಿ 1929ರಲ್ಲಿ ಹೊರತಂದವರು ಜಾರ್ಜ್ ಮೈಯರ್ಸ್ ಎಂಬ ಯುವಕ. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಸಾವಿರಾರು ಸಣ್ಣ ಬೆಳ್ಳಿ ಬಣ್ಣದ ಮೀನುಗಳನ್ನು ವಿಂಗಡಿಸುವುದು ಹೇಗೆ? ಬಣ್ಣ ನೋಡಿ ಎಂದರೆ ಆಗದು. ಆಲ್ಕೊಹಾಲಿನ ಸೀಸೆಗೆ ಹೋದ ನಿಯಾನ್ ಮೀನಿನ ಕೆಂಪು ಮಾಯವಾಗುತ್ತದೆ, ಮೈಯೆಲ್ಲ ಹಳೆಯ ಕಾಗದದ ಬಣ್ಣಕ್ಕೆ ತಿರುಗುತ್ತದೆ. ಐಗನ್‌ಮನ್ ಹಿಡಿದದ್ದು ಬಣ್ಣ ಹೋದರೂ ಉಳಿಯುವ ಗುರುತುಗಳನ್ನು. ಮೀನಿನ ಪಕ್ಕೆಯ ಮೇಲೆ ಕಿವಿರಿನಿಂದ ಬಾಲದ ತನಕ ಸಣ್ಣ ರಂಧ್ರಗಳ ಒಂದು ಸಾಲು ಇರುತ್ತದೆ. ಪಾರ್ಶ್ವರೇಖೆ ಎನ್ನುತ್ತಾರೆ, ನೀರಿನ ಅಲುಗಾಟವನ್ನು ಗ್ರಹಿಸುವ ಅಂಗ ಅದು. ಕೆಲವು ಟೆಟ್ರಾಗಳಲ್ಲಿ ಈ ಸಾಲು ಪೂರ್ತಿ ಇರುತ್ತದೆ, ಕೆಲವುಗಳಲ್ಲಿ ಮುಂದಿನ ಐದಾರು ಹುರುಪೆಗಳ ಮೇಲೆ ಕಾಣಿಸಿಕೊಂಡು ನಿಂತುಬಿಡುತ್ತದೆ. ಇದು ಮೊದಲ ಪ್ರಶ್ನೆ. ಎರಡನೆಯದು, ಬಾಲದ ರೆಕ್ಕೆಯ ಬುಡದ ಮೇಲೆ ಹುರುಪೆ ಹತ್ತಿದೆಯೋ ಇಲ್ಲವೋ. ಎರಡು ಪ್ರಶ್ನೆಗೆ ನಾಲ್ಕು ಉತ್ತರ, ನಾಲ್ಕು ಉತ್ತರಕ್ಕೆ ನಾಲ್ಕು ಕುಲ. ರೇಖೆ ಪೂರ್ತಿ, ಬಾಲ ಬೋಳು ಎಂದರೆ ಅಸ್ಟ್ಯಾನಾಕ್ಸ್. ರೇಖೆ ಪೂರ್ತಿ, ಬಾಲದ ಮೇಲೆ ಹುರುಪೆ ಎಂದರೆ ಮೊಯೆಂಕ್‌ಹೌಸಿಯಾ. ರೇಖೆ ಅರ್ಧ, ಬಾಲದ ಮೇಲೆ ಹುರುಪೆ ಎಂದರೆ ಹೆಮಿಗ್ರಾಮಸ್. ರೇಖೆ ಅರ್ಧ, ಬಾಲ ಬೋಳು ಎಂದರೆ ಹೈಫೆಸೊಬ್ರೈಕಾನ್. ಕೊಬ್ಬಿನ ರೆಕ್ಕೆಯೇ ಇಲ್ಲದಿದ್ದರೆ ಹಸೆಮೇನಿಯಾ.

ಇದನ್ನು ಮಾಡಿ ನೋಡಿದವರಿಗೆ ಅದರ ಸೊಗಸೂ ಗೊತ್ತು, ಪಾಡೂ ಗೊತ್ತು. ಸೀಸೆಯಿಂದ ಇಕ್ಕುಳದಲ್ಲಿ ಮೀನು ತೆಗೆದು ಭೂತಗನ್ನಡಿಯ ಕೆಳಗಿಟ್ಟು, ಮೆಲ್ಲಗೆ ಗಾಳಿ ಊದಬೇಕು. ಹುರುಪೆ ಒಣಗುತ್ತಿದ್ದಂತೆ ರಂಧ್ರಗಳು ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ. ಸೂಜಿಮೊನೆ ಇಟ್ಟು ಎಣಿಸಬೇಕು. ಬಾಲದ ಮೇಲಿನ ಹುರುಪೆಗಳದ್ದು ಬೇರೆಯೇ ತಾಪತ್ರಯ. ಅವು ಬಲೆಗೆ ತಾಗಿದರೂ ಉದುರುತ್ತವೆ, ಸೀಸೆಯಲ್ಲಿ ಅಲುಗಿದರೂ ಉದುರುತ್ತವೆ. ಹೆಮಿಗ್ರಾಮಸ್ ಆಗಿ ನೀರಿನಿಂದ ಮೇಲೆ ಬಂದ ಮೀನು ಪ್ರಯೋಗಾಲಯ ತಲುಪುವಾಗ ಹೈಫೆಸೊಬ್ರೈಕಾನ್ ಆಗಿರಬಹುದು!

ಗುರುತು ಹಿಡಿಯಲು ಇದು ಒಳ್ಳೆಯ ಕೀಲಿಕೈ. ಈ ಮಾತನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಐಗನ್‌ಮನ್ ಅವರ ಬಗ್ಗೆ ಈಗ ಹಗುರವಾಗಿ ಮಾತಾಡುವವರು ಇದ್ದಾರೆ. ಮದುವೆ ಮನೆಯಲ್ಲಿ ಯಾರನ್ನೋ ತೋರಿಸಬೇಕಾದರೆ, ಅಗೋ ಕನ್ನಡಕ ಹಾಕಿಕೊಂಡು ಮೀಸೆ ಬಿಟ್ಟವರು ಎನ್ನುತ್ತೇವೆ, ಕೆಲಸ ಆಗುತ್ತದೆ. ಆದರೆ ಕನ್ನಡಕ ಹಾಕಿದವರೆಲ್ಲ ಗಂಡಿನ ಕಡೆಯವರು, ಹಾಕದವರೆಲ್ಲ ಹೆಣ್ಣಿನ ಕಡೆಯವರು ಎಂದು ಪಂಕ್ತಿ ಹಾಕಿಸಿದರೆ? ಮುಂದಿನ ತಲೆಮಾರು ಮಾಡಿದ್ದು ಅದನ್ನೇ. ಗುರುತಿನ ಕೀಲಿಕೈಯನ್ನು ರಕ್ತಸಂಬಂಧದ ವಂಶಾವಳಿ ಎಂದು ಓದಿದರು. ಹೈಫೆಸೊಬ್ರೈಕಾನ್ ಉಬ್ಬುತ್ತ ಹೋಗಿ 150 ಪ್ರಭೇದಗಳನ್ನೂ ದಾಟಿತು. ಮೆಕ್ಸಿಕೊದಿಂದ ಅರ್ಜೆಂಟೀನಾದ ತನಕ ಅರ್ಧ ರೇಖೆ, ಬೋಳು ಬಾಲದ ಯಾವ ಸಣ್ಣ ಮೀನು ಸಿಕ್ಕರೂ ಅಲ್ಲಿಗೇ.

ಅರ್ಧ ರೇಖೆ ಏಕೆ ನೆಂಟಸ್ತಿಕೆಯ ಗುರುತಲ್ಲ ಎಂಬುದಕ್ಕೆ ಒಂದು ಸರಳ ಕಾರಣವಿದೆ. ಮೀನಿನ ವಂಶವೊಂದು ಕಾಲಾಂತರದಲ್ಲಿ ಕುಬ್ಜವಾಗುತ್ತ ಹೋದರೆ, ಬೆಳವಣಿಗೆ ಎಳೆತನದಲ್ಲೇ ನಿಂತುಬಿಡುತ್ತದೆ. ಮರಿಮೀನಿನಲ್ಲಿ ಪಾರ್ಶ್ವರೇಖೆ ತಲೆಯ ಕಡೆಯಿಂದ ಮೂಡುತ್ತ ಬರುತ್ತದೆ, ಬೆಳವಣಿಗೆ ಬೇಗ ನಿಂತರೆ ರೇಖೆಯೂ ಅರ್ಧಕ್ಕೆ ನಿಲ್ಲುತ್ತದೆ. ಸ್ಟ್ಯಾನ್ಲಿ ವೈಟ್ಸ್‌ಮನ್ ಮತ್ತು ರಿಚರ್ಡ್ ವೇರಿ 1988ರಲ್ಲಿ ದಕ್ಷಿಣ ಅಮೆರಿಕದ ಇಂಥ ಕುಬ್ಜ ಮೀನುಗಳ ಬಗ್ಗೆ ಬರೆದರು. 26 ಮಿಲಿಮೀಟರ್ ಮೀರದ ಮೀನುಗಳು ಬೇರೆ ಬೇರೆ ವಂಶಗಳಲ್ಲಿ, ಒಂದಕ್ಕೊಂದು ಸಂಬಂಧವಿಲ್ಲದೆ ಹುಟ್ಟಿವೆ ಎಂದು ತೋರಿಸಿದರು. ಪುಟ್ಟದಾದದ್ದರಿಂದ ಒಂದೇ ತೆರನಾದವೇ ಹೊರತು ಒಂದೇ ತಾಯಿಯ ಮಕ್ಕಳಾದದ್ದರಿಂದ ಅಲ್ಲ.

ನಿಯಾನ್ ಟೆಟ್ರಾ ಈ ಕಥೆಯೊಳಗೆ ಬಂದದ್ದು 1936ರಲ್ಲಿ. ಫ್ರೆಂಚ್ ಸಂಗ್ರಾಹಕ ಓಗ್ಯೂಸ್ತ್ ರಾಬೊ ಪೆರುವಿನ ಕಡೆಯ ಅಮೆಜಾನಿನಲ್ಲಿ ಈ ಮೀನನ್ನು ಹಿಡಿದು ಯೂರೋಪಿಗೆ ಸಾಗಿಸಿದ್ದ. ಅದನ್ನು ನೋಡಿದ ಮೀನುಪ್ರಿಯರು ಹುಚ್ಚಾದರು. ಜರ್ಮನಿಯಿಂದ ಕೆಲವು ಮೀನು ಹಿಂಡೆನ್‌ಬರ್ಗ್ ಎಂಬ ಗಾಳಿಹಡಗಿನಲ್ಲಿ ಅಟ್ಲಾಂಟಿಕ್ ದಾಟಿದವು. ಬದುಕುಳಿದ ಒಂದೇ ಒಂದು ಮೀನನ್ನು ವಿಮಾನದಲ್ಲಿ ಶಿಕಾಗೋದ ಷೆಡ್ ಅಕ್ವೇರಿಯಂಗೆ ಒಯ್ದರು. ಒಂಟಿಯಾಗಿ ಹಾರಿಬಂದ ಅದಕ್ಕೆ ವಿಮಾನಯಾನಿ ಲಿಂಡ್‌ಬರ್ಗನ ನೆನಪಿನಲ್ಲಿ ಒಂಟಿ ಲಿಂಡಿ ಎಂಬ ಅಡ್ಡಹೆಸರು ಬಿತ್ತು ಎಂದು ಹವ್ಯಾಸಿಗಳು ಇಂದಿಗೂ ಹೇಳುತ್ತಾರೆ. ಫಿಲಡೆಲ್ಫಿಯಾದಲ್ಲಿ ಅಕ್ವೇರಿಯಂ ಪತ್ರಿಕೆ ನಡೆಸುತ್ತಿದ್ದ ವಿಲಿಯಂ ಇನ್ನಸ್ ಮೂಲಕ ಈ ಜಾತಿಯ ಮೀನು ಮೈಯರ್ಸ್ ಕೈ ಸೇರಿತು. ಮೈಯರ್ಸ್ ಗುರುಗಳ ಕೀಲಿಕೈ ಹಾಕಿದರು: ರೇಖೆ ಅರ್ಧ, ಬಾಲ ಬೋಳು. ಹೈಫೆಸೊಬ್ರೈಕಾನ್ ಇನ್ನೆಸಿ ಎಂದು ಹೆಸರಿಟ್ಟರು. ಇನ್ನಸ್‌ಗೆ ಗೌರವ.

ಇಪ್ಪತ್ತು ವರ್ಷ ಕಳೆದು, ರಿಯೊ ನೀಗ್ರೊ ನದಿಯ ಕಪ್ಪು ನೀರಿನಿಂದ ಇನ್ನೂ ಚಂದದ ಮೀನೊಂದು ಬಂತು. ನಿಯಾನಿನಲ್ಲಿ ಕೆಂಪು ಅರ್ಧ ಮೈಗೆ ಮುಗಿದರೆ ಇದರಲ್ಲಿ ತಲೆಯಿಂದ ಬಾಲದವರೆಗೂ ಕೆಂಪು. ಈಗ ಇದನ್ನು ಕಾರ್ಡಿನಲ್ ಟೆಟ್ರಾ ಎಂದು ಮಾರುತ್ತಾರೆ. ಅದಕ್ಕೆ ಹೆಸರಿಡಲು ಎರಡು ಕಡೆಯವರು ಏಕಕಾಲಕ್ಕೆ ಹೊರಟರು. ಒಂದು ಕಡೆ, ಆಗ ಸ್ಟ್ಯಾನ್‌ಫರ್ಡ್‌ನಲ್ಲಿದ್ದ ಮೈಯರ್ಸ್ ಮತ್ತು ಅವರ ಶಿಷ್ಯ ವೈಟ್ಸ್‌ಮನ್. ಇನ್ನೊಂದು ಕಡೆ, ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹಾಲಯದ ಲಿಯೊನಾರ್ಡ್ ಷುಲ್ಟ್ಸ್. ಷುಲ್ಟ್ಸ್ ಅವರ ಬರಹ ವಿದ್ವತ್ಪತ್ರಿಕೆಯಲ್ಲಿ ಬರಲಿಲ್ಲ. ಹರ್ಬರ್ಟ್ ಆಕ್ಸೆಲ್‌ರಾಡ್ ಎಂಬ ಪ್ರಕಾಶಕನ ಹವ್ಯಾಸಿ ಪತ್ರಿಕೆಯಲ್ಲಿ ಬಂತು, ಹೆಸರೂ ಆ ಪ್ರಕಾಶಕನದ್ದೇ: ಚೀರೊಡಾನ್ ಆಕ್ಸೆಲ್‌ರಾಡಿ. ತಾರೀಖು 20 ಫೆಬ್ರವರಿ 1956. ಮೈಯರ್ಸ್ ಮತ್ತು ವೈಟ್ಸ್‌ಮನ್ ಅವರ ಹೈಫೆಸೊಬ್ರೈಕಾನ್ ಕಾರ್ಡಿನಾಲಿಸ್ ಪ್ರಕಟವಾದದ್ದು ಮಾರನೆಯ ದಿನ, 21 ಫೆಬ್ರವರಿ.

ಒಂದೇ ಒಂದು ದಿನ. ಪ್ರಾಣಿಗಳ ನಾಮಕರಣಕ್ಕೆ ಅಂತರರಾಷ್ಟ್ರೀಯ ನಿಯಮಾವಳಿ ಇದೆ, ಅದನ್ನು ನೋಡಿಕೊಳ್ಳಲು ಆಯೋಗವಿದೆ. ಮೊದಲು ಬಂದ ಹೆಸರಿಗೇ ಮಾನ್ಯತೆ ಎಂಬುದು ಅದರ ಮೂಲಸೂತ್ರ. ವಿವಾದ ಆಯೋಗದ ಮುಂದೆ ಹೋಯಿತು. 1957ರಲ್ಲಿ ತೀರ್ಪು ಬಂತು, ಆಕ್ಸೆಲ್‌ರಾಡಿ ಗೆದ್ದಿತು. ಟೆಟ್ರಾಗಳ ಬಗ್ಗೆ ಆಗ ಜಗತ್ತಿನಲ್ಲಿ ಹೆಚ್ಚು ತಿಳಿದಿದ್ದ ಗುರುಶಿಷ್ಯರ ಹೆಸರು ಅಡಿಟಿಪ್ಪಣಿಗೆ ಇಳಿಯಿತು. ಯಾರು ಹೆಚ್ಚು ಬಲ್ಲರು ಎಂದು ನಿಯಮ ಕೇಳುವುದಿಲ್ಲ, ಯಾರು ಮೊದಲು ಎಂದಷ್ಟೇ ಕೇಳುತ್ತದೆ. ನನಗೆ ಇದು ಸರಿಯೆಂದೇ ತೋರುತ್ತದೆ. ಪಾಂಡಿತ್ಯ ತೂಗಲು ಹೊರಟರೆ ಪ್ರತಿ ಹೆಸರಿಗೂ ಒಂದು ಪಂಚಾಯಿತಿ ಕೂರಿಸಬೇಕಾದೀತು.

ಗೌರವಕ್ಕೆ ಪಾತ್ರನಾದವನ ನಡತೆಯನ್ನೂ ನಿಯಮ ನೋಡುವುದಿಲ್ಲ. ಆಕ್ಸೆಲ್‌ರಾಡ್ ಮುಂದೆ ತೆರಿಗೆ ವಂಚನೆಯ ಮೊಕದ್ದಮೆಯಲ್ಲಿ ಸಿಕ್ಕಿ, ದೇಶ ಬಿಟ್ಟು ಓಡಿ, ಜರ್ಮನಿಯಲ್ಲಿ ಸೆರೆಸಿಕ್ಕ. 2005ರಲ್ಲಿ ಹದಿನೆಂಟು ತಿಂಗಳ ಶಿಕ್ಷೆಯಾಯಿತು. ಮೀನಿನ ಹೆಸರು ಹಾಗೇ ಇದೆ. ರಿಯೊ ನೀಗ್ರೊ ದಂಡೆಯ ಬಾರ್ಸೆಲೋಸ್ ಪಟ್ಟಣದಲ್ಲಿ ಇದೇ ಮೀನನ್ನು ಹಿಡಿದು ಹೊಟ್ಟೆ ಹೊರೆಯುವ ಪಿಯಬೇರೊಗಳು, ಎಂದರೆ ಸಣ್ಣ ಮೀನು ಹಿಡಿಯುವ ದೋಣಿಯವರು, ಆಕ್ಸೆಲ್‌ರಾಡ್ ಯಾರೆಂದು ತಲೆ ಕೆಡಿಸಿಕೊಳ್ಳಬೇಕಾದ್ದಿಲ್ಲ.

ಈ ಹೆಸರಿನ ತಂಟೆಯಲ್ಲಿ ಒಂದು ಸೂಕ್ಷ್ಮ ಇದೆ, ಗಮನಿಸಿದಿರಾ? ಒಂದೇ ಮೀನನ್ನು ಷುಲ್ಟ್ಸ್ ಚೀರೊಡಾನ್ ಎಂದರು, ಮೈಯರ್ಸ್ ಹೈಫೆಸೊಬ್ರೈಕಾನ್ ಎಂದರು. ಕಣ್ಣಿಗೆ ಅವಳಿಯಂತಿರುವ ನಿಯಾನ್ ಮತ್ತು ಕಾರ್ಡಿನಲ್ ಬಹುಕಾಲ ಬೇರೆ ಬೇರೆ ಕುಲದಲ್ಲಿ ಕೂತಿದ್ದವು. ಫ್ರಾನ್ಸಿನ ಜಾಕ್ ಜೆರಿ, ವೃತ್ತಿಯಿಂದ ವೈದ್ಯ, ಪ್ರವೃತ್ತಿಯಿಂದ ಟೆಟ್ರಾ ಪಂಡಿತ, 1960ರಲ್ಲಿ ನಿಯಾನಿಗಾಗಿಯೇ ಪ್ಯಾರಾಚೀರೊಡಾನ್ ಎಂಬ ಹೊಸ ಕುಲ ಮಾಡಿದ. 1963ರಲ್ಲಿ ಇದೇ ಚೆಹರೆಯ ಮೂರನೆಯ ಮೀನಿಗೆ ಹೆಸರಿಟ್ಟ. ಅದೇ ಹಸಿರು ನಿಯಾನ್, ಮೈಯುದ್ದಕ್ಕೂ ನೀಲಿಹಸಿರು, ಕೆಂಪು ಮಾತ್ರ ಜಿಪುಣತನದ್ದು. ಅದನ್ನು ತಾನೇ ಹೈಫೆಸೊಬ್ರೈಕಾನ್‌ಗೆ ಹಾಕಿದ! ಮೂರೂ ಒಂದೇ ಮನೆಯವು ಎಂದು ಅಸ್ಥಿಪಂಜರ ಪರೀಕ್ಷಿಸಿ ಸ್ಥಾಪಿಸಿದವರು ವೈಟ್ಸ್‌ಮನ್ ಮತ್ತು ವಿಲಿಯಂ ಫಿಂಕ್, 1983ರಲ್ಲಿ. ಅಂದು ಕಾರ್ಡಿನಲ್‌ಗೆ ಹೆಸರಿಡುವ ಹಕ್ಕನ್ನು ಒಂದು ದಿನದಲ್ಲಿ ಕಳೆದುಕೊಂಡ ಶಿಷ್ಯನೇ ಕೊನೆಗೆ ಅದಕ್ಕೆ ಸರಿಯಾದ ಕುಲವನ್ನು ಗೊತ್ತುಮಾಡಿದ. ಪ್ಯಾರಾಚೀರೊಡಾನ್ ಆಕ್ಸೆಲ್‌ರಾಡಿ.

ಈ ಹೆಸರನ್ನು ಪೂರ್ತಿ ಬರೆದಾಗ ಕೊನೆಯಲ್ಲಿ ಷುಲ್ಟ್ಸ್, 1956 ಎಂದು ಆವರಣದೊಳಗೆ ಹಾಕುತ್ತಾರೆ. ಬಾನುಲಿಯಲ್ಲಿ ಆವರಣ ಕೇಳಿಸುವುದಿಲ್ಲ, ಹಾಗಾಗಿ ಹೇಳಬೇಕಾಯಿತು. ಆವರಣ ಇದ್ದರೆ, ಹೆಸರಿಟ್ಟವರು ಇದನ್ನು ಬೇರೆ ಕುಲದಲ್ಲಿ ಇಟ್ಟಿದ್ದರು, ಆಮೇಲೆ ಮನೆ ಬದಲಾಯಿತು ಎಂದರ್ಥ. ಆವರಣವಿಲ್ಲದಿದ್ದರೆ ಇಟ್ಟಲ್ಲೇ ಇದೆ. ಎರಡು ಸಣ್ಣ ಕೊಕ್ಕೆಗಳಲ್ಲಿ ಮೀನಿನ ಇಡೀ ಅಲೆದಾಟ ಅಡಗಿದೆ.

ನಿಯಾನಿಗೆ ತನ್ನ ಹೆಸರು ಬಿದ್ದ 1936ರಲ್ಲೇ ಇನ್ನಸ್ ತಾನೂ ಒಂದು ಹೆಸರಿಡುವುದರಲ್ಲಿ ಪಾಲುದಾರನಾದ. ಮೆಕ್ಸಿಕೊದ ಸಾನ್ ಲೂಯಿಸ್ ಪೊಟೊಸಿ ಪ್ರಾಂತದ ಒಂದು ಗುಹೆಯಲ್ಲಿ ಕಣ್ಣಿಲ್ಲದ, ಮೈಬಣ್ಣ ಕಳೆದುಕೊಂಡು ನಸುಗೆಂಪಾಗಿ ಕಾಣುವ ಮೀನು ಸಿಕ್ಕಿತ್ತು. ಮೀನುಶಾಸ್ತ್ರಜ್ಞ ಕಾರ್ಲ್ ಹಬ್ಸ್ ಜೊತೆ ಸೇರಿ ಅದಕ್ಕೆ ಅನೊಪ್ಟಿಕ್ತಿಸ್ ಎಂಬ ಹೊಸ ಕುಲವನ್ನೇ ಮಾಡಿದರು. ಕಣ್ಣೇ ಇಲ್ಲದ ಮೀನಿಗೆ ಪ್ರತ್ಯೇಕ ಕುಲ ಬೇಡವೇ? ಬೇಡವೆಂದು ಮೀನೇ ಹೇಳಿತು. ಹೊರಗಿನ ಹೊಳೆಯಲ್ಲಿ ಕಣ್ಣುಬಿಟ್ಟು ಓಡಾಡುವ ಅಸ್ಟ್ಯಾನಾಕ್ಸ್ ಮೆಕ್ಸಿಕಾನಸ್ ಜೊತೆ ಕೂಡಿಸಿದಾಗ ಮರಿಗಳಾದವು, ಆ ಮರಿಗಳಿಗೂ ಮರಿಗಳಾದವು. ಎರಡೂ ಒಂದೇ. 2008ರಲ್ಲಿ ರಿಚರ್ಡ್ ಬೊರೊವ್‌ಸ್ಕಿ ಇನ್ನೂ ಸೋಜಿಗದ್ದನ್ನು ಪ್ರಕಟಿಸಿದರು. ದೂರದೂರದ ಎರಡು ಗುಹೆಗಳ ಕುರುಡು ಮೀನುಗಳನ್ನು ಕೂಡಿಸಿದರೆ ಕೆಲವು ಮರಿಗಳಿಗೆ ದೃಷ್ಟಿ ಬರುತ್ತದೆ. ಒಂದು ಗುಹೆಯಲ್ಲಿ ಕೆಟ್ಟ ಜೀನ್ ಇನ್ನೊಂದರಲ್ಲಿ ಸರಿಯಾಗಿದೆ. ಕುರುಡುತನ ಒಂದೊಂದು ಗುಹೆಯಲ್ಲೂ ಬೇರೆ ಬೇರೆ ದಾರಿಯಲ್ಲಿ ಬಂದಿತ್ತು ಎಂದಾಯಿತು. ಕಣ್ಣು ಹೋದದ್ದನ್ನು ಮನೆತನದ ಗುರುತು ಎಂದುಕೊಂಡರೆ ಅದೇ ಹಳೆಯ ಕನ್ನಡಕದ ಕಥೆ.

ಅಸ್ಟ್ಯಾನಾಕ್ಸ್ ಎಂದರೆ ಟ್ರಾಯ್ ಯುದ್ಧದಲ್ಲಿ ಮಡಿದ ಹೆಕ್ಟರ್‌ನ ಮಗ. 1854ರಲ್ಲಿ ಹೆಸರಿಟ್ಟವರು ಅದನ್ನು ಗ್ರೀಕ್ ಪುರಾಣದಿಂದ ಆರಿಸಿದರು. ಈ ಕುಲವೂ ನೂರಾರು ಪ್ರಭೇದಗಳಿಂದ ಊದಿಕೊಂಡಿತ್ತು. ಅರ್ಜೆಂಟೀನಾದ ಗಿಯೆರ್ಮೊ ತೆರಾನ್ ಮತ್ತು ಸಂಗಡಿಗರು 2020ರಲ್ಲಿ ಅದನ್ನು ಒಡೆದರು. ಒಡೆದು ಮಾಡಿದ ಒಂದು ಹೊಸ ಕುಲಕ್ಕೆ ಆಂಡ್ರೊಮಾಖೆ ಎಂದು ಹೆಸರಿಟ್ಟರು. ಅವಳು ಅಸ್ಟ್ಯಾನಾಕ್ಸ್‌ನ ತಾಯಿ. ಮಗ ಹುಟ್ಟಿ ನೂರ ಅರವತ್ತಾರು ವರ್ಷದ ಮೇಲೆ ತಾಯಿ ಹುಟ್ಟಿದಳು. ಇಂಥ ಕಡೆ ವಿಜ್ಞಾನಿಗಳು ಪ್ರಬಂಧದೊಳಗೇ ನಗುತ್ತಿರುತ್ತಾರೆ.

ಹೊಸ ಹೆಸರಿಡುವಾಗ ಇನ್ನೊಂದು ಅಪಾಯವಿದೆ, ಅದರ ಉದಾಹರಣೆ ನಮ್ಮ ಪಶ್ಚಿಮ ಘಟ್ಟದ ಮೀನಿನದೇ. ಮೈಮೇಲೆ ಕಪ್ಪು ಅಡ್ಡಪಟ್ಟೆಯ ಒಂದು ಚಿಕ್ಕ ಬಾರ್ಬ್, ಎಂದರೆ ಗೆಂಡೆಯ ಬಳಗದ ಮೀನು, ಕೇರಳ, ಕರ್ನಾಟಕದ ಹೊಳೆಗಳಲ್ಲಿದೆ. ಟೆಟ್ರಾಗಳಿಗೆ ಹೈಫೆಸೊಬ್ರೈಕಾನ್ ಇದ್ದಂತೆ ನಮ್ಮ ಬಾರ್ಬ್‌ಗಳಿಗೆ ಪುಂಟಿಯಸ್ ಎಂಬ ಉಗ್ರಾಣವಿತ್ತು. ಶ್ರೀಲಂಕಾದ ರೋಹನ್ ಪೆತಿಯಗೋಡ ಮತ್ತು ಜೊತೆಗಾರರು 2012ರಲ್ಲಿ ಅದನ್ನು ಬಿಡಿಸಿ, ಈ ಪಟ್ಟೆ ಮೀನಿನ ಗುಂಪಿಗೆ ದ್ರಾವಿಡಿಯಾ ಎಂದು ಹೆಸರಿಟ್ಟರು. ಎರಡು ವರ್ಷ ಮೊದಲೇ ಆ ಹೆಸರನ್ನು ಒಂದು ನೊಣಕ್ಕೆ ಕೊಟ್ಟಾಗಿತ್ತು. ಪ್ರಾಣಿಲೋಕದಲ್ಲಿ ಎರಡು ಕುಲಕ್ಕೆ ಒಂದೇ ಹೆಸರು ಸಲ್ಲದು. 2013ರಲ್ಲಿ ಅದು ಹಲುದಾರಿಯಾ ಆಯಿತು. ಹಲುದಾರ್ ಎಂಬಾತ ಬಂಗಾಳದ ಚಿತ್ರಕಾರ, ಫ್ರಾನ್ಸಿಸ್ ಬುಕಾನನ್ ಅವರ ಗಂಗಾನದಿಯ ಮೀನುಗಳಿಗೆ ಚಿತ್ರ ಬರೆದವನು. ಟಿಪ್ಪುವಿನ ಪತನದ ನಂತರ ಮೈಸೂರು, ಕೆನರಾ ಸೀಮೆಗಳನ್ನೆಲ್ಲ ಸುತ್ತಿ ಬರೆದಿಟ್ಟ ಬುಕಾನನ್ ಇವರೇ. ಎರಡು ಶತಮಾನ ಸದ್ದಿಲ್ಲದೆ ಕೂತಿದ್ದ ಚಿತ್ರಕಾರನಿಗೆ ನೊಣದ ದೆಸೆಯಿಂದ ಒಂದು ಕುಲ ದೊರಕಿತು.

ಮತ್ತೆ ಟೆಟ್ರಾಕ್ಕೆ ಬರುತ್ತೇನೆ. ಮೂಳೆ ನೋಡುವ ಕಾಲದಿಂದ ಡಿಎನ್‌ಎ ಓದುವ ಕಾಲಕ್ಕೆ ಬಂದಾಗ ಎಲ್ಲವೂ ಕದಡಿತು. ನಾನು ಮೊದಲಿಗೆ ಹೇಳಿದ 2024ರ ಅಧ್ಯಯನ ನೂರಾರು ಪ್ರಭೇದಗಳ ಡಿಎನ್‌ಎಯಲ್ಲಿ, ವಿಕಾಸದ ಉದ್ದಕ್ಕೂ ಹೆಚ್ಚು ಬದಲಾಗದೆ ಉಳಿದ ತುಣುಕುಗಳನ್ನು ಹೋಲಿಸಿತು. ಹೆಮಿಗ್ರಾಮಸ್ ಒಂದು ಗುಂಪಲ್ಲ. ಹೈಫೆಸೊಬ್ರೈಕಾನ್ ಒಂದು ಗುಂಪಲ್ಲ. ಮೊಯೆಂಕ್‌ಹೌಸಿಯಾವೂ ಅಲ್ಲ. ಒಂದೊಂದರ ಸದಸ್ಯರು ಮರದ ಬೇರೆ ಬೇರೆ ಕೊಂಬೆಗಳಲ್ಲಿ ಚೆದುರಿದ್ದರು. ರಕ್ತಗೆಂಪಿನ ಸರ್ಪೆ ಟೆಟ್ರಾ, ಕಪ್ಪು ಫ್ಯಾಂಟಮ್ ಇತ್ಯಾದಿ ಅಂಗಡಿಯ ಜನಪ್ರಿಯ ಮೀನುಗಳಿಗೆ ಮೆಗಲಾಂಫೋಡಸ್ ಎಂಬ ಹೆಸರು ಬಂತು. ಹೊಸದೇನಲ್ಲ. ಐಗನ್‌ಮನ್ 1915ರಲ್ಲಿ ಇಟ್ಟಿದ್ದ ಹೆಸರು. ಇದನ್ನು ಬೇರೆ ಕುಲವಾಗಿ ಉಳಿಸುವುದು ಬೇಡ ಎಂದು 1997ರಲ್ಲಿ ವೈಟ್ಸ್‌ಮನ್ ಮತ್ತು ಲಿಸಾ ಪಾಮರ್ ಹೈಫೆಸೊಬ್ರೈಕಾನ್‌ನೊಳಗೆ ಸೇರಿಸಿದ್ದರು. ಕೀಲಿಕೈ ಮಾಡಿದಾತನ ಹೆಸರೊಂದು ಕೀಲಿಕೈ ಮುರಿದ ಮೇಲೆ ಎದ್ದು ಬಂತು.

ಹೈಫೆಸೊಬ್ರೈಕಾನ್ ಎಂಬ ಹೆಸರು ಯಾರಿಗೆ ಉಳಿಯುತ್ತದೆ ಎಂದು ಕೇಳಬಹುದು. ಕುಲ ಸ್ಥಾಪಿಸುವಾಗ ಒಂದು ಪ್ರಭೇದವನ್ನು ಮಾದರಿಯೆಂದು ನಿಗದಿ ಮಾಡಿರುತ್ತಾರೆ. ಮನೆ ಎಷ್ಟು ಪಾಲಾದರೂ ಹೆಸರು ಮಾದರಿಯ ಬೆನ್ನಿಗೆ ಹೋಗುತ್ತದೆ. ಡರ್ಬಿನ್ ಆರಿಸಿದ ಮಾದರಿ ಮೆಕ್ಸಿಕೊದ ಕಂಪ್ರೆಸಸ್ ಎಂಬ ಸಪ್ಪೆ ಬಣ್ಣದ ಮೀನು. ಅಕ್ವೇರಿಯಂ ಅಂಗಡಿಯವರು ಅದರ ಕಡೆ ಕಣ್ಣೆತ್ತಿಯೂ ನೋಡರು. ಆದರೆ ಹಕ್ಕು ಅದರದ್ದು. ಮಿಕ್ಕ ಸುಂದರಾಂಗರು ಅದರ ನೆಂಟರೆಂದು ಸಾಬೀತಾದರೆ ಇರಬಹುದು, ಇಲ್ಲದಿದ್ದರೆ ಬೇರೆ ಹೆಸರು ಹುಡುಕಿಕೊಳ್ಳಬೇಕು. ಹುಡುಕಾಟ ಇನ್ನೂ ನಡೆದೇ ಇದೆ, ಹಾಗಾಗಿ ನಿಮ್ಮ ತೊಟ್ಟಿಯ ಕೆಲವು ಮೀನುಗಳ ಹೆಸರು ಇನ್ನೊಮ್ಮೆ ಬದಲಾದರೆ ಬೇಸರಪಡಬೇಡಿ.

ಕುಟುಂಬದ ಮಟ್ಟದಲ್ಲಿ ಆದದ್ದು ಇದಕ್ಕಿಂತ ವಿಚಿತ್ರ. ಟೆಟ್ರಾಗಳಿಗೆ ಹೆಸರು ಕೊಟ್ಟ ಟೆಟ್ರಗೊನಾಪ್ಟೆರಸ್ ಹಳೆಯ ಕ್ಯಾರಸಿಡೆಯಲ್ಲೇ ಉಳಿಯಿತು, ಚೀರೊಡಾನ್ ಕೂಡ. ನಿಯಾನ್ ಟೆಟ್ರಾ ಬೇರೆ ಕುಟುಂಬಕ್ಕೆ ಹೋಯಿತು. ಟೆಟ್ರಾ ಎಂಬ ಹೆಸರಿನ ಮೂಲಪುರುಷನೂ ಜಗತ್ತಿನ ಅತಿ ಪ್ರಸಿದ್ಧ ಟೆಟ್ರಾವೂ ಈಗ ಒಂದೇ ಕುಟುಂಬದವರಲ್ಲ. ನಿಯಾನಿನ ಹೊಸ ಕುಟುಂಬದ ಹೆಸರು ಬಂದದ್ದು ಅಸೆಸ್ಟ್ರೊರಾಂಫಸ್ ಎಂಬ ಕುಲದಿಂದ, ಅದನ್ನಿಟ್ಟಿದ್ದೂ ಐಗನ್‌ಮನ್. ಆ ಕುಲ ಈಗ ಚಾಲ್ತಿಯಲ್ಲಿ ಇಲ್ಲವೇ ಇಲ್ಲ. ಅದಕ್ಕೂ ಮೊದಲೇ, 1864ರಲ್ಲಿ ಇಟ್ಟ ಒಲಿಗೊಸಾರ್ಕಸ್ ಎಂಬುದೂ ಅದೇ ಮೀನು ಎಂದು ಗೊತ್ತಾಗಿ ಅಸೆಸ್ಟ್ರೊರಾಂಫಸ್ ಅಳಿಸಿಹೋಗಿದೆ. ಆದರೂ ಅದರಿಂದ ಕಟ್ಟಿದ ಕುಟುಂಬನಾಮಕ್ಕೆ ನಿಯಮಾವಳಿಯ ಪ್ರಕಾರ ಬಾಧೆಯಿಲ್ಲ. ಒಲಿಗೊಸಾರ್ಕಸ್ ಎಂದರೆ ದಕ್ಷಿಣ ಬ್ರೆಜಿಲ್, ಅರ್ಜೆಂಟೀನಾ ಕಡೆಯ ನದಿಗಳಲ್ಲಿ ಹೊಂಚು ಹಾಕಿ ಸಣ್ಣ ಮೀನು ನುಂಗುವ, ಉದ್ದ ಮೂತಿಯ, ಕೋರೆಹಲ್ಲಿನ ಮೀನು. ನಿಯಾನ್ ಟೆಟ್ರಾ ಈಗ ಅದರ ಮನೆತನದ ಹೆಸರು ಹೊತ್ತಿದೆ. ಪಕ್ಕದಲ್ಲಿ ಬಿಟ್ಟರೆ ಎರಡು ನಿಮಿಷದಲ್ಲಿ ಅದರ ಹೊಟ್ಟೆಯಲ್ಲಿರುತ್ತದೆ.